ಅಮೇರಿಕದ ಆಂಪ್ಲಿಫೈಯರ್, ಜಪಾನಿನ ಡೆಕ್ಕು, ನಮ್ಮನೆ 230 ವೋಲ್ಟು: ಸುಟ್ಕೊಳ್ದೆ ಓಡಿಸೋದು ಹೇಗೆ

ನಮ್ಮ ಚಿಕ್ಕಪ್ಪ ನ್ಯೂಜೆರ್ಸಿ ಬಿಟ್ಟು ಬೆಂಗಳೂರಿಗೆ ವಾಪಸ್ ಬಂದಾಗ ರೇಡಿಯೋ, ಆಂಪ್ಲಿಫೈಯರ್ ಎರಡೂ ಒಂದೇ ಡಬ್ಬೀಲಿರೋ ಅವರ ಹಳೇ ಸ್ಟೀರಿಯೋ ರಿಸೀವರ್‌ನ ಚಿಕ್ಕಮ್ಮನ ಸೀರೆಗಳ ಮಧ್ಯ ಸುತ್ತಿಟ್ಕೊಂಡು ತಂದಿದ್ರು, ನಮ್ಮನೆಗೆ ಕೊಟ್ರು, ನಾನು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್.ಪಿ. ರೋಡಿಗೆ ಹೋಗಿ 230 ವೋಲ್ಟನ್ನ 110ಕ್ಕೆ ಇಳಿಸೋ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದು ಒಂದು ವರ್ಷ ಚೆನ್ನಾಗೇ ಕೇಳಿದ್ದೂ ಆಯ್ತು. ಆಮೇಲೆ ಆಯುಧ ಪೂಜೆ ಬಂತು. ಹಿಂದಿನ ದಿನ ಮನೆ ಕ್ಲೀನಿಂಗು, ಶೆಲ್ಫಿಂದ ಎಲ್ಲಾ ಇಳಿಸಿ ಒರೆಸಿ ವಾಪಸ್ ಇಡೋವಾಗ ರಿಸೀವರಿನ ಚಪ್ಪಟೆ ಪಿನ್ನು ನೇರ ಗೋಡೆ ಪಕ್ಕದ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹೋಯ್ತು. ಯಾರು ಹಾಕಿದ್ದು ಅಂತ ಇವತ್ತಿಗೂ ಮನೇಲಿ ಇತ್ಯರ್ಥ ಆಗಿಲ್ಲ, ನಾನೇ ಇರಬಹುದು. ಸ್ವಿಚ್ ಹಾಕಿದ್ ತಕ್ಷಣ ಒಂದು ಗುಂಯ್ ಸೌಂಡು, ಆಮೇಲೆ ಟಪ್, ಆಮೇಲೆ ವಾರ್ನಿಷ್ ಸುಟ್ಟ ವಾಸನೆ. ಕುಂಬಳಕಾಯಿ ಒಡೆಯೋ ಮುಂಚೇನೇ ಬಲಿ ಆಗೋಯ್ತು.

ಅವತ್ತಿಂದ ಯಾರಾದ್ರೂ "ಯುಎಸ್‌ಇಂದ ಆಂಪ್ ತರ್ತಿದೀನಿ", "ಜಪಾನಿಂದ ಸೆಕೆಂಡ್‌ಹ್ಯಾಂಡ್ ಡೆಕ್ ಸಿಕ್ಕಿದೆ" ಅಂದ್ರೆ ನಾನು ಒಂದೇ ಮಾತು ಹೇಳೋದು: ವೋಲ್ಟೇಜ್ ಬೇರೆ, ಸೈಕಲ್ ಬೇರೆ, ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕಿ. ಸೈಕಲ್ ಅಂದ್ರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಅಲೆಯಾಗಿ ಏರಿಳಿಯತ್ತೆ ಅನ್ನೋದು, ಹರ್ಟ್ಸ್ ಅನ್ನೋದೂ ಅದನ್ನೇ, ನಮ್ಮಲ್ಲಿ 50, ಅಮೇರಿಕದಲ್ಲಿ 60. ವೋಲ್ಟೇಜನ್ನ ದುಡ್ಡು ಕೊಟ್ರೆ ಅಂಗಡೀಲಿ ಬದಲಾಯಿಸ್ಕೋಬಹುದು. 60 ಸೈಕಲ್ಲನ್ನ 50 ಮಾಡೋದಾಗ್ಲಿ 50ನ್ನ 60 ಮಾಡೋದಾಗ್ಲಿ ಯಾವ ಟ್ರಾನ್ಸ್‌ಫಾರ್ಮರ್ ಕೈಯಲ್ಲೂ ಆಗಲ್ಲ.

ಮೊದಲು ಬೆನ್ನು ತಿರುಗಿಸಿ ಓದಿ

ಎಲ್ಲಾ ಐಟಮ್ಮಿನ ಹಿಂದೆ ಪವರ್ ಕೇಬಲ್ ಹತ್ರ ಒಂದು ಪ್ಲೇಟೋ ಸ್ಟಿಕ್ಕರೋ ಇರತ್ತೆ. ಮೊಬೈಲಲ್ಲಿ ಫೋಟೋ ತೆಗೆದು ಝೂಮ್ ಮಾಡಿ ಓದಿ, ಹಳೇ ಅಕ್ಷರ ಬರೀ ಕಣ್ಣಿಗೆ ಕಾಣಲ್ಲ. ಮೂರು ವಿಷಯ ಬರ್ಕೊಳ್ಳಿ: ಎಷ್ಟು ವೋಲ್ಟ್, ಎಷ್ಟು ಹರ್ಟ್ಸ್, ಎಷ್ಟು ವ್ಯಾಟ್.

100-240 ವೋಲ್ಟ್, 50/60 ಹರ್ಟ್ಸ್ ಅಂತಿದ್ರೆ ನಿಮಗೆ ಈ ಲೇಖನಾನೇ ಬೇಡ, ನಮ್ಮ ಪಿನ್ನಿನ ಕೇಬಲ್ ಹಾಕಿ ಆನ್ ಮಾಡಿ. ಈಗಿನ ಡ್ಯಾಕು (ಡಿಜಿಟಲ್ ಹಾಡನ್ನ ಆಂಪಿಗೆ ಬೇಕಾದ ಸಿಗ್ನಲ್ ಮಾಡೋ ಡಬ್ಬಿ), ಸೌಂಡ್‌ಬಾರು, ಪುಟ್ಟ ಕ್ಲಾಸ್-ಡಿ ಆಂಪುಗಳಲ್ಲಿ ತುಂಬಾ ಐಟಮ್ ಹೀಗೇ ಇರತ್ತೆ, ಒಳಗಡೆ ಎಸ್‌ಎಂಪಿಎಸ್ (ಎಲೆಕ್ಟ್ರಾನಿಕ್ ಪವರ್ ಸಪ್ಲೈ) ಇರೋದ್ರಿಂದ ವೋಲ್ಟೇಜೂ ಹರ್ಟ್ಸೂ ಎರಡೂ ಅದಕ್ಕೆ ಲೆಕ್ಕಕ್ಕಿಲ್ಲ. ಆದ್ರೆ ಹೊಸದು ಅಂದ ಮಾತ್ರಕ್ಕೆ ನಂಬ್ಬೇಡಿ, ಎಸ್‌ಎಂಪಿಎಸ್ ಇದ್ದೂ ಅಮೇರಿಕಕ್ಕೆ ಅಂತಾನೇ ಬರೀ 120ಕ್ಕೆ ಮಾಡಿರೋ ಆಕ್ಟಿವ್ ಸ್ಪೀಕರು, ಸಬ್‌ವೂಫರು ಬೇಕಾದಷ್ಟಿವೆ. ಪ್ಲೇಟ್ ಹೇಳಿದ್ದೇ ಫೈನಲ್.

120 ವೋಲ್ಟ್ 60 ಹರ್ಟ್ಸ್ ಅಂದ್ರೆ ಅಮೇರಿಕ, ಕೆನಡಾ ಮಾಲು. 100 ವೋಲ್ಟ್ 50/60 ಹರ್ಟ್ಸ್ ಅಂದ್ರೆ ಜಪಾನಿನ ಒಳಗೇ ಮಾರೋಕೆ ಮಾಡಿದ್ದು. 220, 230, 240 ಅಂತ 50 ಹರ್ಟ್ಸ್ ಇದ್ರೆ ಯುರೋಪು, ಇಂಗ್ಲೆಂಡು, ದುಬೈ, ಕುವೈತು, ಆಸ್ಟ್ರೇಲಿಯಾ ಕಡೇದು, ನಮ್ಮಲ್ಲಿ ಹಾಗೇ ಓಡತ್ತೆ. ಮಂಗಳೂರು, ಉಡುಪಿ, ಭಟ್ಕಳ ಕಡೆ ಗಲ್ಫಿಂದ ಬಂದ ಟೇಪ್ ರೆಕಾರ್ಡರುಗಳು ಯಾವ ಟ್ರಾನ್ಸ್‌ಫಾರ್ಮರೂ ಇಲ್ದೆ ಎಷ್ಟೋ ವರ್ಷ ಹಾಡಿದ್ದು ಇದಕ್ಕೇ. ಸೌದಿ ಮಾತ್ರ ಸ್ವಲ್ಪ ತಕರಾರು, ಅಲ್ಲಿ 60 ಹರ್ಟ್ಸು, ಹಳೇ ಮನೆಗಳಲ್ಲಿ 127 ವೋಲ್ಟೂ ಇತ್ತು, ಸೌದಿಯಿಂದ ಬಂದಿದ್ರೆ ಪ್ಲೇಟ್ ಎರಡು ಸಲ ಓದಿ.

ಪ್ಯಾಸಿವ್ ಸ್ಪೀಕರಿಗೆ ಕರೆಂಟೇ ಬೇಡ, ಯಾವ ದೇಶದ್ದಾದ್ರೂ ತನ್ನಿ. ಅಡಾಪ್ಟರಲ್ಲಿ ಓಡೋ ಐಟಮ್ ಆದ್ರೆ ಅಡಾಪ್ಟರ್ ಒಂದನ್ನೇ ಇಲ್ಲಿ ಬದಲಾಯಿಸಿದ್ರೆ ಸಾಕು, ಆದ್ರೆ ಔಟ್‌ಪುಟ್ ವೋಲ್ಟು, ಆಂಪಿಯರು, ಪಿನ್ನಿನ ಒಳಗಡೆ ಪ್ಲಸ್ಸಾ ಮೈನಸ್ಸಾ, ಮತ್ತೆ ಡಿಸಿನಾ ಎಸಿನಾ ಅಂತ ನೋಡ್ಕೊಳ್ಳಿ. ಕೆಲವು ಫೋನೋ ಪ್ರೀಆಂಪು (ಗ್ರಾಮಫೋನ್ ಪ್ಲೇಯರಿನ ಸಣ್ಣ ಸಿಗ್ನಲ್ಲನ್ನ ಹೆಚ್ಚಿಸೋದು), ಸಣ್ಣ ಮಿಕ್ಸರುಗಳ ಅಡಾಪ್ಟರಿಂದ ಬರೋದೇ ಎಸಿ, ಅದಕ್ಕೆ ಡಿಸಿ ಅಡಾಪ್ಟರ್ ಚುಚ್ಚಿ "ಕೆಟ್ಟೋಗಿದೆ" ಅಂತ ಮೂಲೆಗೆ ಹಾಕಿರೋರು ನನಗೇ ಇಬ್ಬರು ಗೊತ್ತು.

ನೇರ 230ಕ್ಕೆ ಹಾಕಿದ್ರೆ ಒಳಗೆ ಏನಾಗತ್ತೆ

ಹಳೇ ಆಂಪುಗಳು ಅಷ್ಟು ಭಾರ ಇರೋದು ಒಳಗಿರೋ ಕಬ್ಬಿಣದ ಟ್ರಾನ್ಸ್‌ಫಾರ್ಮರಿಂದ. ಆ ಕಬ್ಬಿಣ ಇಷ್ಟೇ ಕಾಂತಶಕ್ತಿ ಹಿಡಿಯೋದು ಅಂತ ಒಂದು ಮಿತಿ ಇದೆ. 120ರದ್ದಕ್ಕೆ 230 ಕೊಟ್ರೆ ಆ ಮಿತಿ ದಾಟಿ ತುಂಬ್ಕೊಳತ್ತೆ, ಸ್ಯಾಚುರೇಟ್ ಆಗೋದು ಅಂತಾರೆ, ಆಮೇಲೆ ಕರೆಂಟ್ ತಡೆಯೋಕೆ ಬರೀ ತಾಮ್ರದ ತಂತಿ ಉಳಿಯತ್ತೆ, ಅದು ಕೆಂಡ ಆಗತ್ತೆ. ನಿಮ್ಮ ಅದೃಷ್ಟ ಚೆನ್ನಾಗಿದ್ರೆ ಫ್ಯೂಸ್ ಮೊದಲು ಹೋಗತ್ತೆ. ಇಲ್ಲಾಂದ್ರೆ ಪ್ರೈಮರಿ ವೈಂಡಿಂಗ್ (ಗೋಡೆ ಕಡೆಯ ತಂತಿ ಸುತ್ತು) ಒಳಗೆ ಸುತ್ತಿಟ್ಟಿರೋ ಥರ್ಮಲ್ ಫ್ಯೂಸ್ ಹೋಗತ್ತೆ, ಅದು ಹೋದ್ರೆ ಟ್ರಾನ್ಸ್‌ಫಾರ್ಮರ್ ಬಿಚ್ಚದೆ ಬದಲಾಯಿಸೋಕಾಗಲ್ಲ. ನಮ್ಮನೇಲಿ ಹೋಗಿದ್ದು ಅದೇ. ಅದರ ಜೊತೆಗೆ ಸೆಕೆಂಡರಿ (ಸರ್ಕ್ಯೂಟ್ ಕಡೆಯ ಸುತ್ತು) ವೋಲ್ಟೇಜೂ ಹೆಚ್ಚುಕಮ್ಮಿ ಡಬಲ್ ಆಗತ್ತೆ, 35 ವೋಲ್ಟಿಗೆ ಅಂತ 50 ವೋಲ್ಟಿನ ಫಿಲ್ಟರ್ ಕೆಪ್ಯಾಸಿಟರ್ ಹಾಕಿರೋ ಕಡೆ 70ರ ಹತ್ತಿರ ಬಂದು ಕೂತ್ರೆ ಅದು ಎಷ್ಟು ಹೊತ್ತು ತಡ್ಕೊಳ್ಳತ್ತೆ ಹೇಳಿ.

ಇದೇ ಜಾಗದಲ್ಲಿ ಇನ್ನೊಂದು ಹೇಳಿಬಿಡ್ತೀನಿ. ಅಮೇರಿಕದಿಂದ ಸರ್ಜ್ ಪ್ರೊಟೆಕ್ಟರ್ ಇರೋ ಪವರ್ ಸ್ಟ್ರಿಪ್ ತಂದಿದ್ರೆ ಅದನ್ನ ನಮ್ಮ ಗೋಡೆಗೆ ಹಾಕಲೇಬೇಡಿ. ಒಳಗಿರೋ ಎಂಒವಿ ಅನ್ನೋ ಬಿಲ್ಲೆಗಳು 120 ವೋಲ್ಟಿನ ಲೈನಿಗೆ ಅಂತ ಇಟ್ಟಿರೋದು, ನಮ್ಮ 230 ಅದಕ್ಕೆ ದಿನವಿಡೀ ಸಿಡಿಲು ಹೊಡೆದಂಗೆ, ಕಾದು ಬೆಂಕಿ ಹತ್ತಬಹುದು. ಟ್ರಾನ್ಸ್‌ಫಾರ್ಮರಿನ 110 ಕಡೆಗೆ ಹಾಕ್ಕೊಂಡ್ರೆ ತೊಂದರೆ ಇಲ್ಲ.

ಹಿಂದೆ ವೋಲ್ಟೇಜ್ ಸೆಲೆಕ್ಟರ್ ಇದ್ಯಾ?

ಇದ್ರೆ ಅರ್ಧ ಗೆದ್ದಂಗೆ. ಎಪ್ಪತ್ತರ ದಶಕದ ಪಯೋನಿಯರ್, ಸ್ಯಾನ್ಸುಯಿ, ಮರಾಂಟ್ಜ್ ಥರದ ರಿಸೀವರುಗಳಲ್ಲಿ ಬೇರೆ ಬೇರೆ ದೇಶಕ್ಕೆ ಒಂದೇ ಮಾಡೆಲ್ ಕಳಿಸೋಕೆ 110, 120, 220, 240 ಅಂತ ತಿರುಗಿಸೋ ಗುಂಡಿ ಇರೋ ವರ್ಷನ್ ಬರ್ತಿತ್ತು. ಅದೇ ಮಾಡೆಲ್ಲಿನ ಅಮೇರಿಕದ ವರ್ಷನ್ನಲ್ಲಿ ಇಲ್ದೇ ಇರಬಹುದು. ಆನ್‌ಲೈನಲ್ಲಿ ಮಾಡೆಲ್ ನಂಬರ್ ನೋಡಿ "ಇದ್ರಲ್ಲಿ ಸೆಲೆಕ್ಟರ್ ಬರತ್ತೆ" ಅಂತ ದುಡ್ಡು ಕಳಿಸಬೇಡಿ, ನೀವು ತಗೊಳ್ತಿರೋ ಪೀಸಿನ ಹಿಂಭಾಗದ ಫೋಟೋ ಕೇಳಿ.

220 ಮತ್ತೆ 240 ಎರಡೂ ಇದ್ರೆ 240ಕ್ಕೇ ಇಡಿ. ನಮ್ಮದು ಹೆಸರಿಗೆ 230, ಹತ್ತು ಪರ್ಸೆಂಟ್ ಆಚೆ ಈಚೆ ಆಗಬಹುದು ಅಂತ ಲೆಕ್ಕ, ಅಂದ್ರೆ 207ರಿಂದ 253. ನಮ್ಮ ಏರಿಯಾದಲ್ಲಿ ರಾತ್ರಿ ಹನ್ನೊಂದಾದ ಮೇಲೆ ಮೀಟರಲ್ಲಿ 246 ನೋಡಿದೀನಿ. ಸೆಲೆಕ್ಟರ್ ಬದಲಾಯಿಸಿದ ಮೇಲೆ ಫ್ಯೂಸೂ ಬದಲಾಯಿಸಿ, ವೋಲ್ಟೇಜ್ ಡಬಲ್ ಆದ್ರೆ ಕರೆಂಟ್ ಅರ್ಧ, 120ಕ್ಕೆ 4 ಆಂಪ್ ಇದ್ದಿದ್ರೆ ಇಲ್ಲಿ 2 ಆಂಪ್, ಸ್ಲೋ-ಬ್ಲೋ (ಕ್ಷಣದ ಜೋರು ಕರೆಂಟ್ ತಡ್ಕೊಂಡು ನಿಧಾನಕ್ಕೆ ಹೋಗೋ ಫ್ಯೂಸು) ಇದ್ದಿದ್ರೆ ಸ್ಲೋ-ಬ್ಲೋನೇ. ಹಿಂದೆ ಪ್ರಿಂಟ್ ಆಗಿರತ್ತೆ ಸಾಮಾನ್ಯವಾಗಿ. ಇದನ್ನ ಬಹಳ ಜನ ಮರೀತಾರೆ.

ಹೊರಗೆ ಗುಂಡಿ ಇಲ್ದಿದ್ರೂ ಒಳಗೆ ಟ್ರಾನ್ಸ್‌ಫಾರ್ಮರಲ್ಲಿ ಎರಡು 110-120ರ ವೈಂಡಿಂಗ್ ಇರೋ ಚಾನ್ಸ್ ಇದೆ, ಪ್ಯಾರಲಲ್ ಇದ್ದಿದ್ದನ್ನ ಸೀರೀಸ್ ಮಾಡಿದ್ರೆ ಡಬಲ್ ವೋಲ್ಟೇಜಿಗೆ ತಯಾರು. ಸರ್ವೀಸ್ ಮ್ಯಾನ್ಯುಯಲ್ ಸಿಕ್ಕಿದ್ರೆ ಅದರಲ್ಲಿ ಗೊತ್ತಾಗತ್ತೆ. ಆದ್ರೆ ಒಂದು ವೈಂಡಿಂಗ್ ಉಲ್ಟಾ ಕೊಟ್ರೆ ಎರಡೂ ಒಂದನ್ನೊಂದು ಹೊಡೆದುಹಾಕಿ ಶಾರ್ಟ್ ಥರಾನೇ ಆಗತ್ತೆ, ಅದಕ್ಕೆ ಗೊತ್ತಿರೋ ಟೆಕ್ನೀಷಿಯನ್ ಕೈಲೇ ಮಾಡಿಸಿ. ವಾಲ್ವ್ (ಗಾಜಿನ ಟ್ಯೂಬಿನ) ಆಂಪ್ ಆದ್ರಂತೂ ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆದ ಮೇಲೂ ಕೆಪ್ಯಾಸಿಟರಲ್ಲಿ 400 ವೋಲ್ಟ್ ಕೂತಿರಬಹುದು, ಮುಚ್ಚಳ ತೆಗೆದು ಬೆರಳು ಹಾಕೋ ಕುತೂಹಲ ಬೇಡ.

ಟ್ರಾನ್ಸ್‌ಫಾರ್ಮರ್ ತಗೊಳ್ಳೋದು

ಅಂಗಡಿಗೆ ಹೋಗಿ "ಕನ್ವರ್ಟರ್ ಕೊಡಿ" ಅಂತ ಮಾತ್ರ ಕೇಳಬೇಡಿ. ಏರ್‌ಪೋರ್ಟಲ್ಲಿ, ಟ್ರಾವೆಲ್ ಅಂಗಡೀಲಿ ಕೈಯಲ್ಲಿ ಹಿಡಿಯೋ ಸೈಜಿನ, ಇನ್ನೂರು ಗ್ರಾಮೂ ಇರದ, ಮೇಲೆ 1600 ವ್ಯಾಟ್ ಅಂತ ಬರೆದಿರೋ ಡಬ್ಬಿ ಸಿಗತ್ತಲ್ಲ, ಅದು ಟ್ರಾನ್ಸ್‌ಫಾರ್ಮರ್ ಅಲ್ಲ. ಫ್ಯಾನ್ ರೆಗ್ಯುಲೇಟರ್ ಥರ ಕರೆಂಟಿನ ಅಲೆಯನ್ನ ಕತ್ತರಿಸಿ ಕತ್ತರಿಸಿ ಕೊಡತ್ತೆ ಅಷ್ಟೇ. ಹೇರ್ ಡ್ರೈಯರಿಗೆ, ಇಸ್ತ್ರಿ ಪೆಟ್ಟಿಗೆಗೆ ಸರಿ, ಬಿಸಿ ಆದ್ರೆ ಸಾಕು ಅದಕ್ಕೆ. ಆಡಿಯೋಗೆ ಹಾಕಿದ್ರೆ ಝರ್ ಅನ್ನೋ ಸೌಂಡ್ ಗ್ಯಾರಂಟಿ, ಒಳಗಿನ ಟ್ರಾನ್ಸ್‌ಫಾರ್ಮರ್ರೂ ಕಾಯತ್ತೆ. ಕೈಯಲ್ಲಿ ಎತ್ತಿ ನೋಡಿ, ಭಾರ ಇಲ್ಲಾಂದ್ರೆ ಬೇಡ ಅನ್ನಿ, ಇದಕ್ಕಿಂತ ಸುಲಭದ ಟೆಸ್ಟ್ ಇಲ್ಲ.

ಎಷ್ಟು ವಿಎ (ವೋಲ್ಟ್-ಆಂಪಿಯರ್, ಟ್ರಾನ್ಸ್‌ಫಾರ್ಮರಿನ ತಾಕತ್ತಿನ ಅಳತೆ) ಬೇಕು ಅಂತ ಮುಂದಿನ ಪ್ರಶ್ನೆ. ಪ್ಲೇಟಲ್ಲಿ ಬರೆದಿರೋ ವ್ಯಾಟಿನ ಒಂದೂವರೆಯಿಂದ ಎರಡು ಪಟ್ಟು ತಗೊಳ್ಳಿ. 300 ವ್ಯಾಟ್ ಅಂತಿದ್ರೆ 500 ವಿಎ. ಸ್ಪೀಕರಿಗೆ ಕೊಡೋ "ಚಾನೆಲ್ಲಿಗೆ 50 ವ್ಯಾಟ್" ಲೆಕ್ಕ ಅಲ್ಲ ಇದು, ಗೋಡೆಯಿಂದ ಎಳೆಯೋ ವ್ಯಾಟು. ಚಿಕ್ಕದು ತಗೊಂಡ್ರೆ ಮೃದಂಗದ ಒಂದು ಗಟ್ಟಿ ಏಟಿಗೂ ಅದು ಕುಗ್ಗಿ, ಬಾಸ್ ಸಡಿಲ ಅನ್ನಿಸತ್ತೆ. ಸಿಡಿ ಪ್ಲೇಯರು, ಟೇಪ್ ಡೆಕ್ಕು 15-30 ವ್ಯಾಟಿಗಿಂತ ಜಾಸ್ತಿ ತಿನ್ನಲ್ಲ, ಅವಕ್ಕೆ 100 ವಿಎ ಒಂದಿದ್ರೆ ಎರಡು ಐಟಮ್ ನಡೆಯತ್ತೆ.

ಆಮೇಲೆ ಔಟ್‌ಪುಟ್ ವೋಲ್ಟೇಜು. ಇಲ್ಲೇ ಜಾಸ್ತಿ ಜನ ಎಡವೋದು. ಅಂಗಡೀಲಿ ರೆಡಿ ಸಿಗೋದು 230ರಿಂದ 110. ಅದು ಅಮೇರಿಕದ ಮಾಲಿಗೆ ಒಳ್ಳೇದೇ, ಆದ್ರೆ ಜಪಾನಿನ 100 ವೋಲ್ಟಿಗೆ ಅದನ್ನೇ ಹಾಕಿದ್ರೆ ಮೊದಲೇ ಹತ್ತು ಪರ್ಸೆಂಟ್ ಜಾಸ್ತಿ, ರಾತ್ರಿ ಗೋಡೆಯಲ್ಲಿ 245 ಬಂದ್ರೆ ಔಟ್‌ಪುಟ್ 117 ಆಗತ್ತೆ, ಅಂದ್ರೆ ಹದಿನೇಳು ಪರ್ಸೆಂಟ್ ಮೇಲೆ. ಓಡತ್ತೆ, ಇಲ್ಲ ಅನ್ನಲ್ಲ, ಆದ್ರೆ ನಲವತ್ತು ವರ್ಷ ಹಳೇ ಕೆಪ್ಯಾಸಿಟರು, ಬಲ್ಬು, ರೆಗ್ಯುಲೇಟರು ಎಲ್ಲಾ ಬಿಸಿ ಬಿಸಿ ಇರತ್ತೆ, ವಾಲ್ವ್ ಆದ್ರೆ 6.3 ವೋಲ್ಟಿನ ಹೀಟರ್ ಏಳೂ ದಾಟತ್ತೆ. ಜಪಾನ್ ಮಾಲಿಗೆ 100 ವೋಲ್ಟ್ ಔಟ್‌ಪುಟ್ಟಿಂದೇ ಬೇಕು. ಬೆಂಗಳೂರಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತಿಕೊಡೋರು ಇನ್ನೂ ಇದ್ದಾರೆ, ಎಸ್.ಪಿ. ರೋಡು ಎಸ್.ಜೆ.ಪಿ. ರೋಡು ಕಡೆ ಎರಡು ಅಂಗಡೀಲಿ ವಿಚಾರಿಸಿದ್ರೆ ಮೂರನೆಯವರು ವಿಳಾಸ ಹೇಳ್ತಾರೆ. ಅವರಿಗೆ ಹೀಗೆ ಹೇಳಿ: ಪ್ರೈಮರಿ 240, ಸೆಕೆಂಡರಿ ಬೇರೆಯಾಗಿ, 100, 110, 120 ಮೂರು ಟ್ಯಾಪು (ಬೇರೆ ಬೇರೆ ವೋಲ್ಟೇಜ್ ಸಿಗೋ ತಂತಿ ತುದಿ). ಒಂದೇ ಪೆಟ್ಟಿಗೆ ಎಲ್ಲದಕ್ಕೂ ಆಗತ್ತೆ.

"ಸೆಕೆಂಡರಿ ಬೇರೆಯಾಗಿ" ಅಂದಿದ್ದು ಯಾಕಂದ್ರೆ ಅಗ್ಗದ ಸ್ಟೆಪ್‌ಡೌನುಗಳಲ್ಲಿ ಬಹಳಷ್ಟು ಆಟೋಟ್ರಾನ್ಸ್‌ಫಾರ್ಮರು. ಒಂದೇ ವೈಂಡಿಂಗು, ಮಧ್ಯದಲ್ಲಿ ಒಂದು ಟ್ಯಾಪ್ ತೆಗೆದಿರ್ತಾರೆ. ಹಗುರ, ಅಗ್ಗ, ಕೆಲಸಾನೂ ಮಾಡತ್ತೆ. ಆದ್ರೆ ಗೋಡೆಯ ಲೈನಿಗೂ ಆಂಪಿಗೂ ಮಧ್ಯ ಯಾವ ಬೇಲಿನೂ ಇಲ್ಲ. ಮನೆ ವೈರಿಂಗಲ್ಲಿ ಫೇಸು ನ್ಯೂಟ್ರಲ್ಲು ಅದಲುಬದಲಾಗಿದ್ರೆ (ನಮ್ಮಲ್ಲಿ ಎಷ್ಟು ಸಾಕೆಟ್ ಹಾಗಿದೆ ಅಂತ ಟೆಸ್ಟರ್ ಇಟ್ಟು ನೋಡಿ, ಬೇಜಾರಾಗತ್ತೆ) 110 ಕಡೆಯ "ನ್ಯೂಟ್ರಲ್" ವೈರಲ್ಲಿ ಪೂರ್ತಿ 230 ಕೂತಿರತ್ತೆ. ಸ್ವಲ್ಪ ದುಡ್ಡು ಜಾಸ್ತಿ ಆದ್ರೂ ಐಸೋಲೇಷನ್ ಟೈಪೇ ತಗೊಳ್ಳಿ.

ಬಳೆ ಥರ ಗುಂಡಗಿರೋ ಟೊರಾಯ್ಡಾ, ಚೌಕದ ಇಐ ಕೋರಾ ಅಂತ ಕೇಳ್ತಾರೆ. ಟೊರಾಯ್ಡ್ ಚಿಕ್ಕದು, ಕಾಂತಕ್ಷೇತ್ರ ಹೊರಗೆ ಕಮ್ಮಿ ಬಿಡತ್ತೆ, ಆದ್ರೆ ಆನ್ ಮಾಡಿದ ಕ್ಷಣ ಎಷ್ಟು ಕರೆಂಟ್ ಎಳೆಯತ್ತೆ ಅಂದ್ರೆ ಎಂಸಿಬಿ ಬಿದ್ದೋಗತ್ತೆ. ಬಿ ಟೈಪ್ ಎಂಸಿಬಿ ಇದ್ರೆ ಎಲೆಕ್ಟ್ರಿಷಿಯನ್ ಕೈಲಿ ಆ ಕ್ಷಣದ ಜೋರು ಕರೆಂಟ್ ತಡ್ಕೊಳ್ಳೋ ಸಿ ಟೈಪ್ ಹಾಕಿಸಿ, ಇಲ್ಲಾ ಟ್ರಾನ್ಸ್‌ಫಾರ್ಮರ್ ಮಾಡೋರಿಗೇ ಕರೆಂಟನ್ನ ನಿಧಾನಕ್ಕೆ ಏರಿಸೋ ಒಂದು ಸಾಫ್ಟ್ ಸ್ಟಾರ್ಟ್ ಕೂರಿಸೋಕೆ ಹೇಳಿ. ಇಐ ಕೋರ್ ಒಡ್ಡೊಡ್ಡ, ಆದ್ರೆ ಸಹನೆ ಜಾಸ್ತಿ. ಯಾವುದೇ ಆಗ್ಲಿ ಪೆಟ್ಟಿಗೆಗೆ 230 ಕಡೆ ಒಂದು ಫ್ಯೂಸ್ ಇರ್ಲಿ, 500 ವಿಎಗೆ 3 ಆಂಪ್ ಸ್ಲೋ-ಬ್ಲೋ ಸಾಕು. ಆಂಪಿಂದ, ಮುಖ್ಯವಾಗಿ ಟರ್ನ್‌ಟೇಬಲಿಂದ ಒಂದು ಮೀಟರ್ ದೂರ ಇಡಿ, ಕಾರ್ಟ್ರಿಡ್ಜು (ಸೂಜಿ ಇರೋ ತಲೆ) ಆ ಗುಂಯ್‌ನ ಹಿಡ್ಕೊಂಡು ಸ್ಪೀಕರಲ್ಲಿ ಕೇಳಿಸತ್ತೆ.

ಐಟಮ್ಮೇ ಮಾಮೂಲಿದಾಗಿದ್ರೆ ಇಷ್ಟೆಲ್ಲಾ ಮೂಗಿಗಿಂತ ಮೂಗುತಿ ಭಾರ. ಹತ್ತು ವರ್ಷ ಹಳೇ ಸಾಧಾರಣ ಹೋಮ್ ಥಿಯೇಟರ್ ರಿಸೀವರನ್ನ ಅಲ್ಲೇ ಮಾರಿ ಬನ್ನಿ ಅಂತಾನೇ ನನ್ನ ಸಲಹೆ. ಹಳೇ ಗಟ್ಟಿ ಸ್ಟೀರಿಯೋ ಆಂಪ್ ಆದ್ರೆ, ಹೊತ್ಕೊಂಡು ಬನ್ನಿ.

ಇನ್ನು ಸೈಕಲ್ಲಿನ ಕಥೆ

ಆಂಪ್ಲಿಫೈಯರಿಗೆ 50-60 ವ್ಯತ್ಯಾಸ ಅಷ್ಟು ದೊಡ್ಡದಲ್ಲ, ಆದ್ರೆ ಸೊನ್ನೆನೂ ಅಲ್ಲ. ಕಬ್ಬಿಣ ತುಂಬೋದು ವೋಲ್ಟೇಜನ್ನ ಸೈಕಲ್ಲಿಂದ ಭಾಗಿಸಿದ ಲೆಕ್ಕದ ಮೇಲೆ, 120ನ್ನ 60ರಿಂದ ಭಾಗಿಸಿದ್ರೆ 2, ಅದೇ 120ನ್ನ ನಮ್ಮ 50ರಿಂದ ಭಾಗಿಸಿದ್ರೆ 2.4, ಅಂದ್ರೆ ಇಪ್ಪತ್ತು ಪರ್ಸೆಂಟ್ ಹೆಚ್ಚು ಒತ್ತಡ. ಪ್ಲೇಟಲ್ಲಿ ಬರೀ 60 ಹರ್ಟ್ಸ್ ಅಂತಿದ್ರೆ, ಅಂಥ ಆಂಪನ್ನ ಇಲ್ಲಿ ಕರೆಕ್ಟಾಗಿ 120 ಕೊಟ್ಟು ಓಡಿಸಿದ್ರೂ ಗುಂಯ್ ಅನ್ನೋದು, ಮಾಮೂಲಿಗಿಂತ ಬಿಸಿ ಆಗೋದು ಇದರಿಂದ. ಔಷಧಿ ಸುಲಭ: 120ರ ಟ್ಯಾಪ್ ಬಿಟ್ಟು 110 ಕೊಡಿ, ಇನ್ನೂ ಬಿಸಿ ಅನ್ನಿಸಿದ್ರೆ 100 ಕೊಡಿ, 100ನ್ನ 50ರಿಂದ ಭಾಗಿಸಿದ್ರೆ ಮತ್ತೆ 2 ತಾನೇ. ಪವರ್ ಸ್ವಲ್ಪ ಕಮ್ಮಿ ಆಗತ್ತೆ, ಮನೇಲಿ ಕೇಳೋ ವಾಲ್ಯೂಮಲ್ಲಿ ಗೊತ್ತಾಗಲ್ಲ. ಜಪಾನಿನ ಮಾಲಿಗೆ ಈ ತಲೆನೋವಿಲ್ಲ. ಆ ದೇಶದಲ್ಲೇ ಟೋಕಿಯೋ ಕಡೆ 50, ಒಸಾಕಾ ಕಡೆ 60, 1890ರ ದಶಕದಲ್ಲಿ ಟೋಕಿಯೋದವರು ಜರ್ಮನಿಯ ಜನರೇಟರ್ ತಂದ್ರು, ಒಸಾಕಾದವರು ಅಮೇರಿಕದ್ದು ತಂದ್ರು, ಇವತ್ತಿಗೂ ಒಂದಾಗಿಲ್ಲ. ಅದಕ್ಕೇ ಅಲ್ಲಿ ಎರಡಕ್ಕೂ ಆಗೋ ಹಾಗೇ ಮಾಡಿರ್ತಾರೆ. ನಗಬೇಡಿ, ನಮ್ಮಲ್ಲೂ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋಗ್ತಿದ್ದ ಕರೆಂಟು 25 ಸೈಕಲ್ಲಿಂದು.

ನಿಜವಾದ ಪೇಚಾಟ ಇರೋದು ಮೋಟರ್ ಇರೋ ಐಟಮ್ಮುಗಳಲ್ಲಿ. ಹಳೇ ಬೆಲ್ಟ್ ಡ್ರೈವ್, ಐಡ್ಲರ್ ಡ್ರೈವ್ ಟರ್ನ್‌ಟೇಬಲ್ಲುಗಳ ಮೋಟರ್ ಕರೆಂಟಿನ ಸೈಕಲ್ಲನ್ನೇ ತಾಳ ಮಾಡ್ಕೊಂಡು ಸುತ್ತತ್ತೆ. 60ಕ್ಕೆ ಮಾಡಿದ್ದನ್ನ 50ರಲ್ಲಿ ಹಾಕಿದ್ರೆ ಆರರಲ್ಲಿ ಐದು ಭಾಗ ಸ್ಪೀಡು, 33⅓ ಸುತ್ತಬೇಕಾಗಿದ್ದು ಸುಮಾರು 27.8 ಸುತ್ತತ್ತೆ, ಐದು ನಿಮಿಷದ ಕೀರ್ತನೆ ಆರು ನಿಮಿಷ ಆಗತ್ತೆ, ಶ್ರುತಿ ಮೂರು ಮನೆಗಿಂತ (ಕಪ್ಪು ಬಿಳಿ ಎಲ್ಲಾ ಸೇರಿಸಿ ಹಾರ್ಮೋನಿಯಂ ಕೀ ಲೆಕ್ಕ) ಸ್ವಲ್ಪ ಜಾಸ್ತಿನೇ ಕೆಳಗಿಳಿಯತ್ತೆ. ಹೆಂಗಸಿನ ಕಂಠ ಗಂಡಸಿನದ್ದಾಗತ್ತೆ ಅನ್ನಿ. ಸ್ಟೆಪ್‌ಡೌನ್ ಹಾಕಿದ್ರೂ ಹೀಗೇ, ಎಷ್ಟು ದುಬಾರಿ ಟ್ರಾನ್ಸ್‌ಫಾರ್ಮರ್ ಹಾಕಿದ್ರೂ ಹೀಗೇ.

ಇದಕ್ಕೆ ಮೂರು ದಾರಿ. ಮೋಟರಿನ ತುದಿಯಲ್ಲಿರೋ ಪುಲ್ಲಿಯನ್ನ 50 ಹರ್ಟ್ಸಿಂದಕ್ಕೆ ಬದಲಾಯಿಸೋದು ಎಲ್ಲಕ್ಕಿಂತ ಅಚ್ಚುಕಟ್ಟು, ಅದು 1.2 ಪಟ್ಟು ದಪ್ಪ ಇರತ್ತೆ. ಗ್ಯಾರಾರ್ಡ್ 301, 401, ಥೋರೆನ್ಸಿನ ಹಳೇ ಮಾಡೆಲ್ಲುಗಳಿಗೆ ಎರಡೂ ಥರದ ಪುಲ್ಲಿ ಬರ್ತಿತ್ತು, ಈಗ್ಲೂ ಮಾಡಿ ಮಾರೋರಿದ್ದಾರೆ. ಲೇತ್ ಅಂಗಡೀಲಿ ಮಾಡಿಸಬಹುದು, ಆದ್ರೆ ಕೂದಲೆಳೆಯಷ್ಟು ಓರೆಯಾದ್ರೂ ಹಾಡು ಅಲುಗಾಡತ್ತೆ, ನಾನು ಒಂದು ಮಾಡಿಸಿ ಬಿಸಾಕಿದೀನಿ. ಎರಡನೇದು, 60 ಹರ್ಟ್ಸನ್ನೇ ಹುಟ್ಟಿಸಿ ಕೊಡೋ ಎಲೆಕ್ಟ್ರಾನಿಕ್ ಪವರ್ ಸಪ್ಲೈ. ಈ ಮೋಟರುಗಳು ತಿನ್ನೋದು ಹತ್ತು ಹದಿನೈದು ವ್ಯಾಟು, ಹಾಗಾಗಿ 12 ವೋಲ್ಟ್ ಬ್ಯಾಟರಿಯಿಂದ 120 ವೋಲ್ಟ್ 60 ಹರ್ಟ್ಸ್ ಕೊಡೋ ಅಮೇರಿಕದ ಚಿಕ್ಕ ಇನ್ವರ್ಟರ್ ಇದ್ರೂ ನಡೆಯತ್ತೆ, ಪ್ಯೂರ್ ಸೈನ್ ವೇವ್ ಆಗಿರಬೇಕು ಅಷ್ಟೇ. ಮೂರನೇದು, ಮೊದಲೇ ನೋಡ್ಕೊಂಡು ತಗೊಳ್ಳೋದು. ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಥರದ ಕ್ವಾರ್ಟ್ಜ್ ಡೈರೆಕ್ಟ್ ಡ್ರೈವಿಗೆ ಸೈಕಲ್ ಹಂಗಿಲ್ಲ, ವೋಲ್ಟೇಜ್ ಒಂದು ಸರಿ ಮಾಡಿದ್ರೆ ಮುಗೀತು. ಡಿಸಿ ಮೋಟರಿನ ಬೆಲ್ಟ್ ಡ್ರೈವೂ ಅಷ್ಟೇ.

ರೀಲ್ ಟೇಪ್ ರೆಕಾರ್ಡರುಗಳದ್ದೂ ಇದೇ ವಿಚಾರ. ರೆವಾಕ್ಸ್ ಎ77ನಲ್ಲಿ ಕ್ಯಾಪ್‌ಸ್ಟನ್ (ಟೇಪ್ ಎಳೆಯೋ) ಮೋಟರಿಗೆ ಸ್ಪೀಡನ್ನ ತಾನೇ ಸರಿ ಇಡೋ ಸರ್ವೋ ಇದೆ, ಹಿಂದೆ ವೋಲ್ಟೇಜ್ ಸೆಲೆಕ್ಟರೂ ಇದೆ, ಯೋಚನೆ ಇಲ್ಲ. ಬೇರೆ ಎಷ್ಟೋ ಡೆಕ್ಕುಗಳಲ್ಲಿ ಸೈಕಲ್ಲಿನ ತಾಳಕ್ಕೇ ಸುತ್ತೋ ಸಿಂಕ್ರೋನಸ್ ಮೋಟರು, ಪುಲ್ಲಿ ಜೊತೆಗೆ ಮೋಟರ್ ಕೆಪ್ಯಾಸಿಟರೂ ಬದಲಾಯಿಸಬೇಕಾಗತ್ತೆ. ಕ್ಯಾಸೆಟ್ ಡೆಕ್ಕಲ್ಲಿ ಸಾಮಾನ್ಯವಾಗಿ ಡಿಸಿ ಮೋಟರು, ಬಚಾವ್.

ಗಡಿಯಾರ ಇರೋ ರೇಡಿಯೋ ತಂದ್ರೆ ಇನ್ನೊಂದು ತಮಾಷೆ. ಹಳೇ ಡಿಜಿಟಲ್ ಕ್ಲಾಕುಗಳು ಕರೆಂಟಿನ ಸೈಕಲ್ಲನ್ನ ಎಣಿಸಿ ಟೈಮ್ ತೋರಿಸತ್ತೆ, ಇಲ್ಲಿ ಗಂಟೆಗೆ ಹತ್ತು ನಿಮಿಷ ಹಿಂದೆ. ರಾತ್ರಿ ಹತ್ತಕ್ಕೆ ಸರಿಯಾಗಿ ಸೆಟ್ ಮಾಡಿ ಮಲಗಿದ್ರೆ ಬೆಳಿಗ್ಗೆ ಏಳಕ್ಕೆ ಅದು ಐದೂವರೆ ಅಂತಿರತ್ತೆ, ಅಲಾರಂ ನಂಬ್ಕೊಂಡ್ರೆ ಆಫೀಸ್ ಹೋಯ್ತು.

ಮೊದಲ ಸಲ ಆನ್ ಮಾಡೋದು

ಸ್ಪೀಕರ್ ಕನೆಕ್ಟ್ ಮಾಡಬೇಡಿ, ವಾಲ್ಯೂಮ್ ಸೊನ್ನೆ. ಮೊದಲು ಟ್ರಾನ್ಸ್‌ಫಾರ್ಮರ್ ಒಂದನ್ನೇ ಆನ್ ಮಾಡಿ ಔಟ್‌ಪುಟ್ಟನ್ನ ಮಲ್ಟಿಮೀಟರಲ್ಲಿ, ಎಸಿ ರೇಂಜಲ್ಲಿ ನೋಡಿ. ಲೋಡ್ ಇಲ್ದೇ ಇರೋವಾಗ ನಾಲ್ಕೈದು ವೋಲ್ಟ್ ಜಾಸ್ತಿ ತೋರಿಸತ್ತೆ, ಗಾಬರಿ ಬೇಡ, 110ರ ಜಾಗದಲ್ಲಿ 230 ತೋರಿಸಿದ್ರೆ ಗಾಬರಿ ಆಗಿ.

ಆಮೇಲೆ ಸೀರೀಸ್ ಬೋರ್ಡ್. ಎಲ್ಲಾ ರಿಪೇರಿ ಅಂಗಡೀಲೂ ಇರತ್ತಲ್ಲ, ಹಳೇ ಥರದ 100 ವ್ಯಾಟಿನ ತಂತಿ ಬಲ್ಬನ್ನ ಲೈನಿಗೆ ಸೀರೀಸಲ್ಲಿ ಹಾಕಿರೋದು, ಎಲ್‌ಇಡಿ ಬಲ್ಬಲ್ಲಿ ಈ ಆಟ ನಡೆಯಲ್ಲ. ಅದನ್ನ 230 ಕಡೆ, ಟ್ರಾನ್ಸ್‌ಫಾರ್ಮರಿಗಿಂತ ಮುಂಚೆ ಹಾಕಿ, ಆಂಪ್ ಆನ್ ಮಾಡಿ. ಬಲ್ಬ್ ಒಂದು ಸಲ ಜೋರಾಗಿ ಹೊಳೆದು ಮಂಕಾದ್ರೆ ಒಳ್ಳೇ ಲಕ್ಷಣ. ಜೋರಾಗೇ ಉರೀತಿದ್ರೆ ಒಳಗೆ ಶಾರ್ಟಿದೆ, ಆಫ್ ಮಾಡಿ ಟೆಕ್ನೀಷಿಯನ್ ಹತ್ರ ಹೋಗಿ, ಬಲ್ಬ್ ತೆಗೆದು "ನೇರ ಕೊಟ್ಟು ನೋಡೋಣ" ಅನ್ನೋದು ಮಾತ್ರ ಬೇಡ. ಮಂಕಾಗಿದ್ರೆ ಬಲ್ಬ್ ತೆಗೆದು ನೇರ ಕೊಡಿ, ಅರ್ಧ ಗಂಟೆ ಬಿಟ್ಟು ಟ್ರಾನ್ಸ್‌ಫಾರ್ಮರ್ ಮೇಲೆ ಕೈ ಇಡಿ. ಬೆಚ್ಚಗಿರ್ಲಿ, ಕೈ ಇಡೋಕಾಗದಷ್ಟು ಆದ್ರೆ ವಿಎ ಕಮ್ಮಿ ಆಗಿದೆ ಅಂತ ಅರ್ಥ.

ಅರ್ಥಿಂಗು, ಇನ್ವರ್ಟರು

ಅಮೇರಿಕದ ಮೂರು ಪಿನ್ನಿನ ಐಟಮ್ಮಿಗೆ ಆ ಗುಂಡಗಿನ ಪಿನ್ನನ್ನ ಕತ್ತರಿಸಿ ಎರಡು ಪಿನ್ ಮಾಡ್ಕೊಳ್ಳೋರಿದ್ದಾರೆ, ದಯವಿಟ್ಟು ಬೇಡ. ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯ ಔಟ್‌ಪುಟ್ ಸಾಕೆಟಿಗೆ ಗೋಡೆಯ ಅರ್ಥ್ ನೇರ ಹೋಗಿದ್ಯಾ ಅಂತ ಮೀಟರಲ್ಲಿ ಚೆಕ್ ಮಾಡಿ. ಜಪಾನಿಂದು ಎರಡೇ ಪಿನ್ನು, ಬಾಡಿ ಮುಟ್ಟಿದ್ರೆ ಜುಂ ಅನ್ನಬಹುದು. ಬೇರೆ ಎಲ್ಲಾ ಕೇಬಲ್ ತೆಗೆದು ಬಾಡಿಗೂ ಅರ್ಥಿಗೂ ಮಧ್ಯ ಎಷ್ಟು ವೋಲ್ಟ್ ಅಂತ ನೋಡಿ, ಪ್ಲಗ್ ತಿರುಗಿಸಿ ಹಾಕಿ ಮತ್ತೆ ನೋಡಿ, ಯಾವುದು ಕಮ್ಮಿನೋ ಹಾಗೆ ಇಡಿ.

ಕರೆಂಟ್ ಹೋದಾಗ ಮನೆ ಇನ್ವರ್ಟರಲ್ಲಿ ಕೇಳೋದಾದ್ರೆ ಅದು ಸೈನ್ ವೇವಾ ಅಂತ ನೋಡ್ಕೊಳ್ಳಿ. ಹಳೇ ಸ್ಕ್ವೇರ್ ವೇವ್ ಇನ್ವರ್ಟರು ಒಂದರ ಹಿಂದೆ ಒಂದು ಎರಡು ಟ್ರಾನ್ಸ್‌ಫಾರ್ಮರನ್ನ ಗುಂಯ್ ಅನ್ನಿಸಿ ಕಾಯಿಸತ್ತೆ, ಆ ಲೈನಿಂದ ಆಡಿಯೋನ ಬಿಡಿಸಿಬಿಡಿ. ಊರ ಕಡೆ ವೋಲ್ಟೇಜ್ 170ಕ್ಕೂ 260ಕ್ಕೂ ಓಡಾಡೋ ಜಾಗ ಆದ್ರೆ ಗೋಡೆ ಕಡೆ ಮೊದಲು ಸ್ಟೆಬಿಲೈಸರ್, ಅದಾದ ಮೇಲೆ ಸ್ಟೆಪ್‌ಡೌನ್, ಉಲ್ಟಾ ಹಾಕಬೇಡಿ.

ಮತ್ತೆ ನಮ್ಮನೆ ಥರ ಆಗದೇ ಇರೋಕೆ: ನಮ್ಮ ಎಕ್ಸ್‌ಟೆನ್ಷನ್ ಬಾಕ್ಸಿನ ಎಲ್ಲಾ ದೇಶದ ಪಿನ್ ನುಂಗೋ ಸಾಕೆಟ್ಟೇ ವಿಲನ್ನು. 110ರ ಐಟಮ್ಮಿನ ಪ್ಲಗ್ಗಿಗೆ ಕೆಂಪು ಟೇಪ್ ಸುತ್ತಿ, ಅದರ ಮೇಲೆ ಕನ್ನಡದಲ್ಲೇ "ಗೋಡೆಗೆ ಹಾಕಬೇಡಿ" ಅಂತ ಬರೀರಿ. ಸಾಧ್ಯ ಆದ್ರೆ ಕೇಬಲ್ಲನ್ನ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಗೇ ಪರ್ಮನೆಂಟಾಗಿ ಕಟ್ಟಿಹಾಕಿ.

ರೇಡಿಯೋ ಇದ್ರೆ

ಜಪಾನಿನ ಒಳಗಿನ ಮಾಡೆಲ್ಲುಗಳ ಹಳೇ ಎಫ್‌ಎಂ 76ರಿಂದ 90 ಮೆಗಾಹರ್ಟ್ಸ್. ನಮ್ಮ ಬೆಂಗಳೂರಿನ 101.3 ಕಾಮನಬಿಲ್ಲೂ ಇಲ್ಲ, 102.9 ವಿವಿಧ ಭಾರತಿನೂ ಇಲ್ಲ, ಡಯಲ್ಲೇ ಅಲ್ಲಿಗೆ ಹೋಗಲ್ಲ. ಅಮೇರಿಕದ್ದು 108ರವರೆಗೆ ಹೋಗತ್ತೆ, ಆದ್ರೆ ಡಿಜಿಟಲ್ ಟ್ಯೂನರ್ ಆದ್ರೆ .1, .3, .5 ಹೀಗೆ ಬೆಸ ಸಂಖ್ಯೆಯಲ್ಲೇ ಜಿಗಿಯೋದು ಜಾಸ್ತಿ, 101.3 ಸಿಗತ್ತೆ, 104 ಸಿಗಲ್ಲ. ಎಎಂ ಅಲ್ಲಿ 10 ಕಿಲೋಹರ್ಟ್ಸ್ ಹೆಜ್ಜೆ, ನಮ್ಮಲ್ಲಿ 9, ಹಾಗಾಗಿ 612ರ ಬೆಂಗಳೂರು ಆಕಾಶವಾಣಿ 610ಕ್ಕೂ 620ಕ್ಕೂ ಮಧ್ಯ ಸಿಕ್ಕಾಕೊಳ್ಳತ್ತೆ. ಕೆಲವದರ ಹಿಂದೆ 9/10 ಅಂತ ಸ್ವಿಚ್ ಇರತ್ತೆ, ಹುಡುಕಿ. ಮುಳ್ಳು ತಿರುಗಿಸೋ ಹಳೇ ಟ್ಯೂನರಿಗೆ ಈ ಹೆಜ್ಜೆ ಲೆಕ್ಕದ ಗೊಡವೆ ಇಲ್ಲ.

ಆಗ್ಲೇ ಸುಟ್ಕೊಂಡು ಬಂದಿದ್ರೆ

ಪ್ಲಗ್ ತೆಗೀರಿ. ಹೊರಗಿನ ಫ್ಯೂಸ್ ನೋಡಿ, ಹೋಗಿದ್ರೆ ಅದೇ ಬೆಲೆಯ ಹೊಸದು ಹಾಕಿ, ಬೆಳ್ಳಿ ಪೇಪರ್ ಸುತ್ತೋ ವಿದ್ಯೆ ಇಲ್ಲಿ ತೋರಿಸಬೇಡಿ. ಸರಿಯಾದ ವೋಲ್ಟೇಜಲ್ಲಿ ಸೀರೀಸ್ ಬೋರ್ಡ್ ಮೂಲಕ ಹಾಕಿದಾಗ ಬಲ್ಬ್ ಮಂಕಾಗಿ ಆಂಪ್ ಎದ್ರೆ ದೇವರು ದೊಡ್ಡವನು. ಫ್ಯೂಸ್ ಸರಿ ಇದ್ದೂ ಏನೂ ಆಗ್ತಿಲ್ಲ ಅಂದ್ರೆ ಪವರ್ ಸ್ವಿಚ್ ಆನ್ ಇಟ್ಟು ಪ್ಲಗ್ಗಿನ ಎರಡು ಪಿನ್ ಮಧ್ಯ ರೆಸಿಸ್ಟೆನ್ಸ್ ನೋಡಿ, ಹಳೇ ಟ್ರಾನ್ಸ್‌ಫಾರ್ಮರ್ ಆಂಪಲ್ಲಿ ಕೆಲವು ಓಮ್ ಬರಬೇಕು, ಏನೂ ಬರಲಿಲ್ಲ ಅಂದ್ರೆ ಪ್ರೈಮರಿನೋ ಥರ್ಮಲ್ ಫ್ಯೂಸೋ ಕಟ್. ಅಷ್ಟಕ್ಕೇ ಗುಜರಿಗೆ ಹಾಕಬೇಡಿ. ನಮ್ಮದಕ್ಕೆ ಟ್ರಾನ್ಸ್‌ಫಾರ್ಮರ್ ಸುತ್ತೋರೊಬ್ಬರು ಹಳೇದನ್ನ ಬಿಚ್ಚಿ ಸುತ್ತು ಎಣಿಸಿ, ಅದೇ ಸೆಕೆಂಡರಿ ವೋಲ್ಟೇಜು ಇಟ್ಟು ಪ್ರೈಮರಿ ಮಾತ್ರ 240ಕ್ಕೆ ಸುತ್ತಿಕೊಟ್ರು. ಎರಡು ಕೆಪ್ಯಾಸಿಟರ್ ಉಬ್ಬಿದ್ವು, ಬದಲಾಯ್ತು. ಈಗ ಅದು ನೇರ ಗೋಡೆಗೇ ಹೋಗತ್ತೆ, ಸ್ಟೆಪ್‌ಡೌನ್ ಪೆಟ್ಟಿಗೆ ಮಂಚದ ಕೆಳಗಿದೆ.

ಇಲ್ಲಿಂದ ಅಲ್ಲಿಗೆ ತಗೊಂಡೋಗೋದಾದ್ರೆ

ಮಕ್ಕಳಿಗೆ ಸಂಗೀತ ಕಲಿಸೋಕೆ ಅಂತ ಇಲ್ಲಿಂದ ಎಲೆಕ್ಟ್ರಾನಿಕ್ ತಂಬೂರಿ, ಶ್ರುತಿಪೆಟ್ಟಿಗೆ ಅಮೇರಿಕಕ್ಕೆ ಒಯ್ಯೋರು ತುಂಬಾ ಜನ. ಅದರ ಶ್ರುತಿ ಹುಟ್ಟೋದು ಒಳಗಿನ ಸರ್ಕ್ಯೂಟಲ್ಲಿ, 60 ಸೈಕಲ್ಲಿಗೆ ಏರೋದೂ ಇಲ್ಲ ಇಳಿಯೋದೂ ಇಲ್ಲ. ಬರೀ 230 ಅಂತ ಬರೆದಿರೋ ಹಳೇದಾದ್ರೆ ಅಲ್ಲಿ ನೇರ ಹಾಕಿದ್ರೆ ಸುಡಲ್ಲ, ಅರ್ಧ ವೋಲ್ಟೇಜಲ್ಲಿ ಸುಮ್ನೆ ಏಳಲ್ಲ ಅಷ್ಟೇ, ಅಲ್ಲೇ ಸಿಗೋ 50 ವಿಎ ಸ್ಟೆಪ್‌ಅಪ್ ಒಂದು ಸಾಕು. ಅಡಾಪ್ಟರಿಂದು ಆದ್ರೆ ಹೊರಡೋ ಮುಂಚೆ ಸೂಟ್‌ಕೇಸ್ ಮುಚ್ಚೋದಕ್ಕೆ ಮೊದಲು ಅಡಾಪ್ಟರಿನ ಮೇಲೆ 100-240 ಅಂತ ಇದ್ಯಾ ನೋಡ್ಕೊಳ್ಳಿ, ಇದ್ರೆ ಅಲ್ಲಿನ ಚಪ್ಪಟೆ ಪಿನ್ನಿನ ಒಂದು ಪ್ಲಗ್ ಕನ್ವರ್ಷನ್ ಪೀಸ್ ಜೊತೆಗೆ ಇಟ್ಕೊಂಡ್ರೆ ಆಯ್ತು.